ಬೆನ್ನುನೋವಿನ ಸಾಧನಗಳಿಗೆ ಆರೋಗ್ಯ ಖಾತೆಯ ಹಣ: ಪರ–ವಿರೋಧ

ಪರ

ಅಮೆರಿಕದಲ್ಲಿ 2004ರಿಂದ ಜಾರಿಯಲ್ಲಿರುವ, ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಹೆಲ್ತ್ ಸೇವಿಂಗ್ಸ್ ಅಕೌಂಟ್, ಅಂದರೆ ಎಚ್‌ಎಸ್‌ಎಗೆ ಹಣ ಕಟ್ಟಬಹುದಾದದ್ದು ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮೊದಲು ತಾವೇ ಭರಿಸಬೇಕಾದ ಮೊತ್ತ) ಹೆಚ್ಚಿರುವ ವಿಮೆ ಪಡೆದವರು ಮಾತ್ರ. 2025ರಲ್ಲಿ ಅಂಥ ವಿಮೆಯ ಡಿಡಕ್ಟಿಬಲ್ ಒಬ್ಬರಿಗೆ ಕನಿಷ್ಠ 1,650 ಡಾಲರ್, ಕುಟುಂಬಕ್ಕೆ 3,300 ಡಾಲರ್. ಅಷ್ಟು ಕೈಯಿಂದ ಖರ್ಚಾಗುವವರೆಗೆ ಬೆನ್ನುನೋವಿನ ಚಿಕಿತ್ಸೆಗೆ ವಿಮಾ ಕಂಪನಿ ಸಾಮಾನ್ಯವಾಗಿ ಏನನ್ನೂ ಕೊಡುವುದಿಲ್ಲ. ಆ ಹೊರೆಯನ್ನು ಹಗುರಮಾಡಲೆಂದೇ ಇರುವ ಖಾತೆಯಿಂದ ಸೊಂಟದ ಬೆಲ್ಟನ್ನೋ ಹೀಟಿಂಗ್ ಪ್ಯಾಡನ್ನೋ ಕೊಂಡವರನ್ನು ಆಕ್ಷೇಪಿಸಲು ಕಾರಣವಿಲ್ಲ.

ವೈದ್ಯಕೀಯ ಸಲಹೆಯೂ ಇದೇ ದಿಕ್ಕಿನಲ್ಲಿದೆ. ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ವ್ಯಾಯಾಮಗಳಂಥ ಉಪಾಯಗಳನ್ನು ಪ್ರಯತ್ನಿಸಬೇಕೆನ್ನುತ್ತದೆ. ಅಫೀಮಿನ ಜಾತಿಯ ನೋವುನಿವಾರಕಗಳಾದ ಓಪಿಯಾಯ್ಡ್‌ಗಳನ್ನು ಉಳಿದೆಲ್ಲ ವಿಫಲವಾದ ಮೇಲಿನ ಮಾತಾಗಿ ಇಡುತ್ತದೆ. ಓಪಿಯಾಯ್ಡ್ ಚಟದಿಂದ ಅಷ್ಟೊಂದು ಜೀವಗಳನ್ನು ಕಳೆದುಕೊಂಡ ದೇಶದಲ್ಲಿ ಮಾತ್ರೆಗೆ ತೆರಿಗೆ ವಿನಾಯಿತಿ ಕೊಟ್ಟು, ಶಾಖ ಕೊಡುವ ಪ್ಯಾಡಿಗೆ ಇಲ್ಲವೆನ್ನುವುದು ವಿಚಿತ್ರವಾದೀತು.

ವಿರೋಧ

ಬೆಲ್ಟು, ಹೀಟಿಂಗ್ ಪ್ಯಾಡುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಮಸಾಜ್ ಕುರ್ಚಿ, ದುಬಾರಿ ಹಾಸಿಗೆ, ಕಚೇರಿಯ ಆಸನಗಳ ಬಗ್ಗೆ. ಖರ್ಚಿನ ಮುಖ್ಯ ಉದ್ದೇಶ ಕಾಯಿಲೆಯ ಚಿಕಿತ್ಸೆಯೋ ತಡೆಯೋ ಆಗಿರಬೇಕು, ಒಟ್ಟಾರೆ ಆರೋಗ್ಯಕ್ಕೆ ಹಿತವೆಂದರೆ ಸಾಲದು ಎಂಬುದು ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ನಿಯಮ. ಹಾಗಾಗಿ ಇಂಥ ವಸ್ತುಗಳಿಗೆ ವೈದ್ಯರ ಪತ್ರ ಬೇಕಾಗುತ್ತದೆ. ಗಿರಾಕಿ ತಾನೇ ತುಂಬಿದ ಪ್ರಶ್ನಾವಳಿಯನ್ನು ನೋಡಿ ಆ ಪತ್ರವನ್ನೂ ಬರೆಸಿಕೊಡುವ ವ್ಯಾಪಾರ ಈಗ ಬೆಳೆದಿದೆ. ಹೀಗೆ ರೋಗಿಯ ಹೇಳಿಕೆಯನ್ನಷ್ಟೇ ನಂಬಿ ಕೊಟ್ಟ ಚೀಟಿಯಿಂದ ಸಾಮಾನ್ಯ ಖರ್ಚು ವೈದ್ಯಕೀಯ ಖರ್ಚಾಗುವುದಿಲ್ಲ ಎಂದು ಇಲಾಖೆ 2024ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಎಚ್‌ಎಸ್‌ಎಯಿಂದ ತೆಗೆದ ಹಣ ಅನರ್ಹ ಖರ್ಚಿನದೆಂದಾದರೆ, 65 ವರ್ಷ ತುಂಬದವರು ತೆರಿಗೆಯ ಜೊತೆಗೆ ಶೇ. 20ರಷ್ಟು ದಂಡವನ್ನೂ ಕಟ್ಟಬೇಕು. ಕುರ್ಚಿ ಮಾರಿದವನಿಗೆ ಅದರಲ್ಲಿ ಪಾಲಿಲ್ಲ.

ಇಲಾಖೆ ಒಪ್ಪಿದ ಮಾತ್ರಕ್ಕೆ ಸಾಧನ ಫಲಕಾರಿ ಎಂದೂ ಆಗುವುದಿಲ್ಲ. ಚರ್ಮದ ಮೇಲೆ ಸಣ್ಣ ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರವನ್ನು ಈ ಖಾತೆಯಿಂದ ಕೊಳ್ಳಬಹುದು; ಆದರೆ ದೀರ್ಘಕಾಲದ ಸೊಂಟನೋವಿಗೆ ಅದರಿಂದ ಪ್ರಯೋಜನವಿದೆಯೆಂಬ ಪುರಾವೆ ಸಾಲದೆಂದು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಸಂಶೋಧನಾ ಅಧ್ಯಯನದಲ್ಲಿ ಸೇರಿದವರನ್ನು ಬಿಟ್ಟು ಉಳಿದವರಿಗೆ ಹಣ ಕೊಡುವುದನ್ನು 2012ರಲ್ಲೇ ಕೈಬಿಡಲು ನಿರ್ಧರಿಸಿತು.

ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುವುದು ವಿನಾಯಿತಿ ಹಂಚಿಕೆಯಾಗುವ ರೀತಿ. ಸಂಬಳದಿಂದ ನೇರವಾಗಿ ಎಚ್‌ಎಸ್‌ಎಗೆ ಹೋಗುವ ಹಣದ ಮೇಲೆ ಶೇ. 22ರ ಆದಾಯ ತೆರಿಗೆಯ ಹಂತದಲ್ಲಿರುವ ನೌಕರನಿಗೆ, ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ ಕಡಿತದ ಶೇ. 7.65 ಸೇರಿ, ನೂರು ಡಾಲರಿಗೆ ಸುಮಾರು ಮೂವತ್ತು ಉಳಿಯುತ್ತದೆ, ಶೇ. 12ರ ಹಂತದವನಿಗೆ ಸುಮಾರು ಇಪ್ಪತ್ತು. ದಿನವಿಡೀ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನಿಗೆ ಇಂಥ ಖಾತೆಯೇ ಇಲ್ಲದಿದ್ದರೆ, ಅದೇ ಬೆಲ್ಟಿಗೆ ಅವನು ಪೂರ್ಣ ಬೆಲೆ ತೆರುತ್ತಾನೆ. ಅಮೆರಿಕದಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವ ನಮ್ಮವರಲ್ಲಿ ಅನೇಕರು ಮೊದಲನೆಯವರ ಸಾಲಿನಲ್ಲೇ ಇದ್ದಾರೆ.

ವರ್ಷಾಂತ್ಯದ ಖರೀದಿಯದು ಇನ್ನೊಂದು ಕಥೆ. ಉದ್ಯೋಗದಾತರ ಮೂಲಕ ಸಿಗುವ, ಇದೇ ಬಗೆಯ ಇನ್ನೊಂದು ತೆರಿಗೆರಹಿತ ಖಾತೆಯಾದ ಎಫ್‌ಎಸ್‌ಎಯ (ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್) ಹಣ ವರ್ಷದೊಳಗೆ ಮುಗಿಯದಿದ್ದರೆ ಬಹುಪಾಲು ಕೈತಪ್ಪಿಹೋಗುವುದರಿಂದ, ಡಿಸೆಂಬರಿನಲ್ಲಿ ಬೇಕೋ ಬೇಡವೋ ಮಸಾಜ್ ಯಂತ್ರಗಳನ್ನು ಕೊಳ್ಳುವವರಿದ್ದಾರೆ. ಎಚ್‌ಎಸ್‌ಎಗೆ ಆ ಅವಸರವಿಲ್ಲ. ಅದರ ಹಣ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ, ಹೂಡಿಕೆ ಮಾಡಿದರೆ ತೆರಿಗೆಯಿಲ್ಲದೆ ಬೆಳೆಯುತ್ತದೆ. ನೋವಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟರ ಶುಲ್ಕವನ್ನೂ ಅದೇ ಖಾತೆಯಿಂದ ಕೊಡಬಹುದು.