ಯುಗಾದಿ ಊಟದ ಒಂದು ಪಂಕ್ತಿಯಷ್ಟು ಮತ

2024ರ ಜುಲೈ 4, ಗುರುವಾರ. ಇಲ್ಲಿ ಚುನಾವಣೆಗೆ ರಜೆ ಇಲ್ಲ. ಕೆಲಸ ಮುಗಿಸಿ ಸಂಜೆ ಏಳರ ಹೊತ್ತಿಗೆ ಪಕ್ಕದ ಬೀದಿಯ ಚರ್ಚ್ ಹಾಲ್‌ಗೆ ಹೋದೆ. ಬ್ರಿಟನ್ನಿನಲ್ಲಿ ನಾನು ಹಾಕಿದ ಮೊದಲ ಮತ ಅದು. ಗುರುತಿಗೆ ನಮ್ಮ ಭಾರತದ ಪಾಸ್‌ಪೋರ್ಟನ್ನೇ ತೋರಿಸಿದೆ. ಅವರು ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದು ಒಂದು ಕಾಗದ ಕೊಟ್ಟರು. ಮತಯಂತ್ರ ಇಲ್ಲ, ಪೆನ್ಸಿಲ್ ಇತ್ತು. ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿದೆ. ಹೊರಡುವಾಗ ಎಡಗೈ ತೋರುಬೆರಳು ತಾನಾಗಿಯೇ ಮುಂದೆ ಬಂದಿತ್ತು. ನಾನು ಮೈಸೂರಿನವನು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮೂರಿನಲ್ಲೇ. ಇಲ್ಲಿ ಆ ಶಾಯಿ ಇಲ್ಲ.

ಆ ವರ್ಷ ಏಪ್ರಿಲ್ 26ಕ್ಕೆ ಮೈಸೂರಿನಲ್ಲಿ ಲೋಕಸಭೆ ಚುನಾವಣೆ ಆಗಿತ್ತು. ಅಮ್ಮ ಬೆಳಗ್ಗೆಯೇ ಹೋಗಿ ಮತ ಹಾಕಿ ಬಂದು ಫೋನ್ ಮಾಡಿದ್ದಳು. "ನಿನ್ನದು ಹೇಗೋ?" ಅಂದಳು. ಹೊರದೇಶದಲ್ಲಿರುವ ಭಾರತೀಯರಿಗೂ ಅಲ್ಲಿ ಮತ ಇದೆ, ಆದರೆ ಊರಿಗೇ ಹೋಗಿ ಹಾಕಬೇಕು. ವಿಮಾನದ ಟಿಕೆಟ್ ತೆಗೆದುಕೊಂಡು ಒಂದು ಮತಕ್ಕೆ ಹೋಗಿ ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದುಕೊಂಡೇ ಎಷ್ಟೋ ವರ್ಷ ಕಳೆದಿದ್ದೆ.

ನಾನು ಬಂದದ್ದು 2018ರಲ್ಲಿ. 2019ರ ಡಿಸೆಂಬರ್ ಚುನಾವಣೆಯಲ್ಲೇ ನನಗೆ ಮತ ಇತ್ತು! ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಮನೆ ಸಾಲಕ್ಕೆ ಅನುಕೂಲ ಅಂತ ಗೆಳೆಯನೊಬ್ಬ ಹೇಳಿದ್ದ, ಅದಕ್ಕೆ ಹೆಸರು ಸೇರಿಸಿದ್ದೆ. ಅಂಚೆಯಲ್ಲಿ ಬಂದ ಮತದಾರರ ಚೀಟಿಯನ್ನು ಓದದೆ ಬಿಸಾಕಿದ್ದೆ. ನಮ್ಮಲ್ಲಿ ತುಂಬಾ ಜನರ ಕಥೆ ಇದೇ.

ನಿಯಮ ಸರಳ. ಭಾರತ ಕಾಮನ್‌ವೆಲ್ತ್ ದೇಶ. ವಯಸ್ಸು 18 ದಾಟಿದ್ದು, ಇಲ್ಲಿರಲು ವೀಸಾ ಇದ್ದು, ಇಲ್ಲೇ ವಾಸವಾಗಿದ್ದರೆ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಪೌರತ್ವ ಬೇಕಿಲ್ಲ. ಕೆಲಸದ ವೀಸಾದವರು, ಅವರ ಗಂಡ ಅಥವಾ ಹೆಂಡತಿ, ಕಳೆದ ಸೆಪ್ಟೆಂಬರಿನಲ್ಲಿ ಎಂಟಿಆರ್ ಪುಡಿ ಕಟ್ಟಿಕೊಂಡು ಬಂದ ವಿದ್ಯಾರ್ಥಿ, ಎಲ್ಲರಿಗೂ ಇದೆ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಾ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ಅದು ಸಿಕ್ಕರೂ ಅಲ್ಲಿನ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ, ಪೌರನೇ ಆಗಬೇಕು. ಆಸ್ಟ್ರೇಲಿಯಾದಲ್ಲಿ ಪೌರರು ಮತ ಹಾಕದಿದ್ದರೆ ದಂಡ, ಆದರೆ ನಮ್ಮಂತೆ ವೀಸಾದಲ್ಲಿ ಇರುವವರಿಗೆ ಹಕ್ಕಿಲ್ಲ. ನಮಗೆ ಇಲ್ಲಿ ಕೇಳದೆಯೇ ಸಿಕ್ಕಿದೆ. ಕೇಳದೆ ಸಿಕ್ಕಿದ್ದಕ್ಕೇ ಬೆಲೆ ಗೊತ್ತಾಗಿಲ್ಲವೇನೋ.

ನಮ್ಮ ಸಂಘದ ಯುಗಾದಿ ದಿನ, ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಡಲು ಒಂದು ಮೇಜು ಹಾಕಿಕೊಂಡು ಕೂತಿದ್ದೆ. "ನಮಗೂ ಓಟಿದೆಯಾ ಸಾರ್?" ಅಂತ ಕೇಳಿದವರೇ ಜಾಸ್ತಿ. ಆಮೇಲೆ ಭಯಗಳು ಹೊರಬಂದವು. ವೀಸಾಗೆ ತೊಂದರೆ ಆಗುತ್ತಾ? ಇಲ್ಲ. ಕೌನ್ಸಿಲ್‌ನವರು, ಅಂದರೆ ಇಲ್ಲಿಯ ಸ್ಥಳೀಯ ಆಡಳಿತದವರು, ಹೆಸರು ಸೇರಿಸಿ ಅಂತ ಕಾಗದ ಕಳಿಸಿದ ಮೇಲೂ ಸುಮ್ನೆ ಕೂತರೆ 80 ಪೌಂಡ್ ದಂಡ ಹಾಕುವ ಅವಕಾಶವೇ ಕಾನೂನಿನಲ್ಲಿದೆ. ಭಾರತದ ಪೌರತ್ವ ಹೋಗುತ್ತಾ? ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಮಾತ್ರ ಅದು ಹೋಗುವುದು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಮಾತು. "ನಾವು ಇಲ್ಲಿ ನೆಂಟರು, ಇವರ ಮನೆ ವಿಚಾರ ನಮಗೇಕೆ?" ಇದರಲ್ಲಿ ಸಂಕೋಚ ಇದೆ, ಒಳ್ಳೆಯತನವೂ ಇದೆ. ಆದರೆ ನಾನು ಒಪ್ಪುವುದಿಲ್ಲ. ತಿಂಗಳು ತಿಂಗಳು ಸಂಬಳದಿಂದ ತೆರಿಗೆ ಹೋಗುತ್ತದೆ. ಅದರ ಮೇಲೆ 2024ರ ಫೆಬ್ರವರಿಯಿಂದ ವೀಸಾ ಜೊತೆಗೆ ಆರೋಗ್ಯ ಶುಲ್ಕ ಅಂತ ಹೆಚ್ಚಿನ ಕೆಲಸದ ವೀಸಾಗಳಲ್ಲಿ ಒಬ್ಬೊಬ್ಬ ದೊಡ್ಡವರಿಗೂ ವರ್ಷಕ್ಕೆ 1,035 ಪೌಂಡ್. ಅದೇ ವರ್ಷದ ಮಾರ್ಚ್‌ನಿಂದ, ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಅಂತಾಯಿತು. 2025ರಲ್ಲಿ, ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಅನುಮತಿಯನ್ನು ಹತ್ತು ವರ್ಷಕ್ಕೆ ದೂಡುವ ಪ್ರಸ್ತಾಪ ಬಂತು. ಇವೆಲ್ಲ ನಮ್ಮದೇ ಮನೆ ವಿಚಾರ, ಅಲ್ವಾ?

ಇಲ್ಲಿಯ ಒಂದು ಪದ್ಧತಿ ನಮ್ಮವರಿಗೆ ಗೊತ್ತಿರಬೇಕು. ನೀವು ಯಾರಿಗೆ ಹಾಕಿದಿರಿ ಅನ್ನೋದು ಗುಟ್ಟು. ಆದರೆ ಹಾಕಿದಿರೋ ಇಲ್ಲವೋ ಅನ್ನೋದು ಗುಟ್ಟಲ್ಲ. ಆ ಚರ್ಚ್ ಹಾಲಿನಲ್ಲಿ ನನ್ನ ಹೆಸರಿಗೆ ಗೆರೆ ಎಳೆದರಲ್ಲ, ಆ ಗೆರೆಗಳ ಪಟ್ಟಿಯನ್ನು ಚುನಾವಣೆ ಆದ ಮೇಲೆ ಪಕ್ಷಗಳು ಪಡೆದುಕೊಳ್ಳಬಹುದು. ಮುಂದಿನ ಸಲ ಯಾವ ಬಾಗಿಲು ತಟ್ಟಬೇಕು ಅಂತ ತೀರ್ಮಾನ ಮಾಡಲು ಅವರಿಗೆ ಅದು ಬೇಕು. ನಮ್ಮ ಬೀದಿಯಲ್ಲೇ ಆರು ಕನ್ನಡದ ಮನೆಗಳಿವೆ. 2024ರಲ್ಲಿ ಅಲ್ಲಿಗೆ ಯಾರೂ ಬರಲಿಲ್ಲ. ಎದುರು ಸಾಲಿನ ಹಳೆಯ ನಿವಾಸಿಗಳ ಮನೆಗೆ ಎರಡೆರಡು ಸಲ ಬಂದು ಹೋದರು. ಬಣ್ಣ ನೋಡಿ ಬಿಟ್ಟರು ಅಂತ ನಮ್ಮವರೊಬ್ಬರು ಬೇಜಾರು ಮಾಡಿಕೊಂಡರು. ಇರಬಹುದು. ಆದರೆ ನಮ್ಮ ಹೆಸರುಗಳಿಗೆ ಗೆರೆಯೇ ಬಿದ್ದಿರಲಿಲ್ಲ ಅನ್ನೋದನ್ನೂ ನೋಡಬೇಕು. ಊರಲ್ಲಿ ನಮ್ಮ ಕೇರಿಗೆ ನಲ್ಲಿ ನೀರು ಬಂದದ್ದು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತು. ಗುಂಪಾಗಿ ಹೋಗಿ ಮತ ಹಾಕುವ ಕೇರಿಗೆ ಮೊದಲು ಬಂತು.

ನಾವು ಕೈಬೆರಳೆಣಿಕೆಯ ಜನ, ನಮ್ಮಿಂದ ಏನಾಗುತ್ತೆ ಅನ್ನುವವರಿಗೆ ಲಂಡನ್ನಿನ ಹೆಂಡನ್ ಕ್ಷೇತ್ರ ನೋಡಿ ಅನ್ನುತ್ತೇನೆ. 2024ರಲ್ಲಿ ಅಲ್ಲಿ ಗೆದ್ದವರ ಅಂತರ 15 ಮತ. ನಮ್ಮ ಯುಗಾದಿ ಊಟದ ಒಂದು ಪಂಕ್ತಿಯಲ್ಲಿ ಅದಕ್ಕಿಂತ ಜಾಸ್ತಿ ಎಲೆ ಬೀಳುತ್ತವೆ. 1892ರಲ್ಲಿ ದಾದಾಭಾಯಿ ನವರೋಜಿ ಇದೇ ಲಂಡನ್ನಿನ ಫಿನ್ಸ್‌ಬರಿಯಿಂದ ಸಂಸತ್ತಿಗೆ ಹೋದದ್ದೂ ಬೆರಳಲ್ಲಿ ಎಣಿಸುವಷ್ಟು ಮತಗಳಿಂದ. ಕಲಬುರಗಿಯಿಂದ ಬಂದು ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರು 2017ರಲ್ಲಿ ಪಟ್ನಿ ಕ್ಷೇತ್ರದಲ್ಲಿ 1,554 ಮತಗಳಿಂದ ಸೋತರು. ಕನ್ನಡಿಗರು ಅನ್ನುವ ಕಾರಣಕ್ಕೇ ಮತ ಕೊಡಿ ಅಂತ ನಾನು ಹೇಳುವುದಿಲ್ಲ. ಯಾವ ಪಕ್ಷ ಅಂತಲೂ ಹೇಳುವುದಿಲ್ಲ. ಆ ಮೇಜಿನ ಮೇಲೆ ಯಾವ ಪಕ್ಷದ ಕಾಗದವೂ ಇರಲಿಲ್ಲ. ಅದು ಹಾಗೆಯೇ ಇರಬೇಕು, ಇಲ್ಲದಿದ್ದರೆ ಸಂಘವೇ ಒಡೆಯುತ್ತದೆ.

ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಮಧ್ಯದೊಳಗೆ ಆಗಲೇಬೇಕು. ಹೆಸರು ಸೇರಿಸಲು ವಿಳಾಸ, ಹುಟ್ಟಿದ ದಿನ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಕೆಲಸ ಮಾಡುವವರಿಗೆ ಇಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಇದ್ದರೆ ಫೋನಿನಲ್ಲೇ ಐದು ನಿಮಿಷ ಸಾಕು. ಮನೆ ಬದಲಿಸಿದಾಗಲೆಲ್ಲ ಮತ್ತೆ ಮಾಡಬೇಕು. ಬಾಡಿಗೆ ಮನೆಗಳಲ್ಲಿರುವ ನಮ್ಮ ಹುಡುಗರು ಮರೆಯುವುದು ಇಲ್ಲೇ.

ಆ ಯುಗಾದಿ ದಿನ ಸಂಜೆ, ಪಾತ್ರೆಗಳನ್ನೆಲ್ಲ ಕಾರಿಗೆ ತುಂಬುವಾಗ, ಹಾಸನದ ಕಡೆಯ ಆಂಟಿಯೊಬ್ಬರು ಬಂದರು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ, ಇನ್ನೂ ಭಾರತದ ಪಾಸ್‌ಪೋರ್ಟೇ. ಹೆಸರು ಸೇರಿಸಿಕೊಟ್ಟೆ. ಎಲ್ಲ ಮುಗಿದ ಮೇಲೆ, "ಪೆನ್ಸಿಲ್‌ನಲ್ಲಿ ಬರೆದದ್ದನ್ನ ಯಾರಾದ್ರೂ ಅಳಿಸಿಬಿಟ್ರೆ? ನಾನು ಪೆನ್ ತರಬಹುದೇನಪ್ಪಾ?" ಅಂದರು.

ತರಬಹುದು ಆಂಟಿ, ತನ್ನಿ ಅಂದೆ.