ಅಪ್ಪನ ಪಂಚೆ ವಿಯೆಟ್ನಾಂ ನೋಡಿದ್ದು

ವಿಮಾನದಲ್ಲಿ ಪ್ಯಾಂಟು, ನೆಲದ ಮೇಲೆ ಪಂಚೆ. ಅಪ್ಪನಿಗೂ ನನಗೂ ಆದ ಒಪ್ಪಂದ ಇಷ್ಟೇ. ಪಾಸ್‌ಪೋರ್ಟು ಮಾಡಿಸಿ ಮೂರು ವರ್ಷವಾದರೂ ಅದರೊಳಗೆ ಒಂದು ಠಸ್ಸೆ ಬಿದ್ದಿರಲಿಲ್ಲ. ಶಿರಸಿ ಕಡೆಯ ಅಡಿಕೆ ತೋಟದವರನ್ನು ಮನೆ ಬಿಡಿಸುವುದು ಸುಲಭದ ಮಾತಲ್ಲ. ಮಳೆಗಾಲ ಪೂರ್ತಿ ಕೊಳೆ ಔಷಧಿ ಹೊಡೆಸುವ ಚಿಂತೆ, ಆಮೇಲೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವಷ್ಟರಲ್ಲಿ ತೋಟಕ್ಕೆ ನೀರು. ನವರಾತ್ರಿಗೂ ಕೊಯ್ಲಿಗೂ ನಡುವೆ ಸಿಕ್ಕ ಚೂರು ಸಂದಿಯಲ್ಲಿ ಅಪ್ಪನನ್ನು ಎತ್ತಿ ಹನೋಯ್‌ನಲ್ಲಿ ಇಳಿಸಿದೆ.

ಎರಡು ದಿನ ಕೆರೆ, ದೇವಸ್ಥಾನ ಮತ್ತು ಸ್ಕೂಟರುಗಳ ಪ್ರವಾಹದಲ್ಲಿ ರಸ್ತೆ ದಾಟುವ ಸಾಹಸ. ಮೂರನೆಯ ದಿನಕ್ಕೆ ಹೆಂಡತಿ ಮೊಬೈಲಿನಲ್ಲಿ ಒಂದು ಪ್ರವಾಸ ಬುಕ್ ಮಾಡಿದ್ದಳು: ಸಾಂಪ್ರದಾಯಿಕ ಹಳ್ಳಿಗಳ ದರ್ಶನ, ಕಾರು, ಗೈಡು, ಊಟ ಸಮೇತ.

"ಹಳ್ಳಿ ನೋಡಲೆ ಹೋಗದಾ?" ಅಪ್ಪ ಕನ್ನಡಕ ಮೇಲೇರಿಸಿದರು. "ದುಡ್ಡು ಕೊಟ್ಟು?"

ಗೈಡು ಇಪ್ಪತ್ಮೂರರ ಹುಡುಗ. ಕಾರು ಹತ್ತಿದ ಐದು ನಿಮಿಷಕ್ಕೇ ಅವನು ಮೂವರ ವಯಸ್ಸೂ ಕೇಳಿದ. ಅಪ್ಪ ಸಂತೋಷದಿಂದ ಎಪ್ಪತ್ತೆರಡು ಅಂದರು. ಮೈಸೂರಿನವಳಾದ ನನ್ನ ಹೆಂಡತಿ ಕಿಟಕಿಯಾಚೆ ನೋಡಿದಳು. ಹುಡುಗನ ತಪ್ಪೇನಿಲ್ಲ. ಅವರ ಭಾಷೆಯಲ್ಲಿ ಎಲ್ಲರಿಗೂ ಒಗ್ಗುವ ‘ನೀವು’ ಎಂಬ ಪದವೇ ಇಲ್ಲ. ಎದುರಿಗಿರುವವರು ಅಣ್ಣನೋ, ಅಕ್ಕನೋ, ಚಿಕ್ಕಪ್ಪನೋ, ಅಜ್ಜನೋ ಎಂದು ವಯಸ್ಸು ತೂಗಿ, ನೆಂಟಸ್ತಿಕೆ ಕಟ್ಟಿಕೊಂಡೇ ಬಾಯಿ ಬಿಡಬೇಕು. ಅವನು ಲೆಕ್ಕ ಹಾಕಿ ತೀರ್ಪು ಕೊಟ್ಟ. ಅಪ್ಪ ‘ಓಂಗ್’, ಅಂದರೆ ಅಜ್ಜ. ನಾನು ‘ಚೂ’, ಚಿಕ್ಕಪ್ಪ. ಅವಳು ‘ಕೊ’, ಸೋದರತ್ತೆ.

"ಅಕ್ಕ ಅನ್ನೋಕೆ ಪದ ಇಲ್ವಂತಾ, ಕೇಳ್ರೀ," ಅಂದಳು. ಕೇಳಿದೆ. ‘ಚಿ’ ಅಂತ ಇತ್ತು. ಆದರೆ ಹುಡುಗ ಒಂದು ಸಲ ಕೊಟ್ಟ ತೀರ್ಪನ್ನು ಬದಲಿಸುವ ಪೈಕಿ ಅಲ್ಲ.

ಈ ಬಿರುಸನ್ನು ತಣಿಸಲಿಕ್ಕೋ ಏನೋ, ಅವನು ನಮಗೆ ಎರಡು ಶಬ್ದ ಕಲಿಸಿದ. ‘ಅನ್ ಚೈ’. ಅನ್ ಎಂದರೆ ತಿನ್ನು, ಚೈ ಎಂದರೆ ಸಸ್ಯಾಹಾರ. ಸಸ್ಯಾಹಾರಿಗಳಿಗೆ ವಿಯೆಟ್ನಾಮಿನಲ್ಲಿ ಇದೊಂದೇ ರಕ್ಷಾಮಂತ್ರ. ತೊಡಕು ಎಲ್ಲಿ ಅಂದರೆ, ಉತ್ತರ ವಿಯೆಟ್ನಾಮಿನಲ್ಲಿ ಒಂದು ಉಚ್ಚಾರಕ್ಕೆ ಆರು ರಾಗ. ರಾಗ ಬದಲಾದರೆ ಅರ್ಥವೂ ಬೇರೆ. "ಚಪ್ಪಟೆಯಾಗಿ, ಏರಿಸದೆ ಇಳಿಸದೆ ಹೇಳಿ," ಅಂದ. ನಮಗೆ ಹ್ರಸ್ವ ದೀರ್ಘ ಗೊತ್ತು, ಅಲ್ಪಪ್ರಾಣ ಮಹಾಪ್ರಾಣ ಗೊತ್ತು. ಸಂಗೀತ ಪಾಠಕ್ಕೆ ಹೋದವರು ಮಾತ್ರ ಮೂವರಲ್ಲಿ ಒಬ್ಬರೂ ಇರಲಿಲ್ಲ.

ಮೊದಲ ಊರು ಕ್ವಾಂಗ್ ಫೂ ಕೌ. ಹನೋಯ್‌ನಿಂದ ದಕ್ಷಿಣಕ್ಕೆ ಹೋದರೆ ಸಿಗುವ ಊದುಬತ್ತಿ ಕಡ್ಡಿಯ ಊರು. ಬಿದಿರು ಸೀಳಿ, ಕಡ್ಡಿ ಮಾಡಿ, ಬುಡವನ್ನು ಬಣ್ಣದಲ್ಲಿ ಅದ್ದಿ, ಕಂತೆ ಕಟ್ಟಿ ಬಿಸಿಲಿಗೆ ಇಡುತ್ತಾರೆ. ಕಂತೆಯ ನಡು ಬಿಗಿದು ಮೇಲ್ಭಾಗ ಬಿಡಿಸಿದರೆ ದೊಡ್ಡ ದಾಸವಾಳ ಅರಳಿದ ಹಾಗೆ ಕಾಣುತ್ತದೆ. ಅಂಥ ಸಾವಿರಾರು ದಾಸವಾಳ ಅಂಗಳದ ತುಂಬ. ನಡುವೆ ಒಂದು ಏಣಿ. ತಲೆಗೆ ಗೊರಬಿನ ತಂಗಿಯಂತಿರುವ ಚೂಪು ಟೋಪಿ ಇಟ್ಟುಕೊಂಡು ಏಣಿ ಹತ್ತಿ ಫೋಟೋ ತೆಗೆಸಿಕೊಳ್ಳುವುದಕ್ಕೆ ತಲೆಗೆ 50 ಸಾವಿರ ಡಾಂಗ್.

ಇಲ್ಲಿಯ ಕಡ್ಡಿ ಭಾರತಕ್ಕೂ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಅಗರಬತ್ತಿ ಆಮದಿಗೆ ನಿರ್ಬಂಧ ಹಾಕಿತು, ಮರುವರ್ಷ ಬಿದಿರುಕಡ್ಡಿಯ ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿತು. ಗೈಡು ಇದನ್ನು ಹೇಳುವಾಗ ಆ ಕಡತಕ್ಕೆ ನಾನೇ ಸಹಿ ಹಾಕಿದವನೇನೋ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದ. "ನಮ್ಮ ಮೈಸೂರಿನ ಊದುಬತ್ತಿಗೂ ಇಲ್ಲಿಯ ಕಡ್ಡಿ ಹೋಗಿರಬಹುದಾ?" ಅಂತ ಹೆಂಡತಿ ಕೇಳಿದಳು. ಅತ್ತೆ ಅನ್ನಿಸಿಕೊಂಡ ಮೇಲೆ ಅವಳು ಅವನ ಜತೆ ಆಡಿದ ಮೊದಲ ಮಾತು ಅದು.

ಅವಳು ಏಣಿ ಹತ್ತಿದಳು. ನಾನು ಮೊಬೈಲು ಹಿಡಿದೆ. ಅಪ್ಪ ಸುಸ್ತಾಗಿ ಒಂದು ಕಡೆ ಕೂತರು. ಅಷ್ಟರಲ್ಲಿ ಮನೆಯೊಡತಿ ತಟ್ಟೆಯಲ್ಲಿ ಕಂದು ಬಣ್ಣದ ಏನೋ ತುಂಡುಗಳನ್ನಿಟ್ಟು ತಂದು ಅಪ್ಪನ ಮುಂದೆ ಹಿಡಿದಳು. ಏಣಿ ಮೇಲಿಂದ ಇದನ್ನು ಕಂಡ ಸೊಸೆ ಸುಮ್ಮನಿರುತ್ತಾಳೆಯೇ? ಮಾವ ಎಲ್ಲಿ ಜಾತಿ ಕೆಡುತ್ತಾರೋ ಎಂಬ ಗಾಬರಿಯಲ್ಲಿ ಅಲ್ಲಿಂದಲೇ ಕೂಗಿದಳು:

"ಚೈ? ಚೈ? ಚೈ?"

ಪ್ರಶ್ನೆ ಕೇಳುವಾಗ ಕನ್ನಡದವರು ದನಿ ಏರಿಸುತ್ತೇವೆ. ಹುಟ್ಟಾಭ್ಯಾಸ. ಆದರೆ ಏರಿಸಿ ಹೇಳಿದ ‘ಚೈ’ ಸಸ್ಯಾಹಾರವಲ್ಲ. ಅದು ಬೆಂಕಿ. ಬೆಂಕಿ ಬಿದ್ದಾಗ ಅಲ್ಲಿಯ ಜನ ಕೂಗುವುದೇ ಆ ಶಬ್ದವನ್ನ. ಗರಿಗರಿ ಒಣಗಿದ ಬಿದಿರುಕಡ್ಡಿಯ ಸಮುದ್ರದ ನಡುವೆ, ಎಲ್ಲರಿಗಿಂತ ಎತ್ತರದಲ್ಲಿ ನಿಂತ ಹೆಂಗಸೊಬ್ಬಳು "ಬೆಂಕಿ! ಬೆಂಕಿ! ಬೆಂಕಿ!" ಅಂದಂತಾಯಿತು.

ಒಡತಿಯ ಕೈಯಿಂದ ತಟ್ಟೆ ಬಿತ್ತು. ಬಣ್ಣ ಅದ್ದುತ್ತಿದ್ದವನು ಬಕೀಟು ಎತ್ತಿಕೊಂಡು ಓಡಿ ಬಂದ. ಪಕ್ಕದ ಮನೆಯಿಂದ ಇಬ್ಬರು ಹಾರಿ ಬಂದರು. ಗೈಡು ಕೈ ಬೀಸಿ ಕೂಗಿ ಎಲ್ಲರನ್ನೂ ನಿಲ್ಲಿಸುವಷ್ಟರಲ್ಲಿ ಅರ್ಧ ಬಕೀಟು ನೀರು ಏಣಿಯ ಬುಡಕ್ಕೆ ಬಿದ್ದಾಗಿತ್ತು. ವಿಷಯ ತಿಳಿದ ಮೇಲೆ ಅವರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ತಟ್ಟೆಯಲ್ಲಿ ಇದ್ದದ್ದು ಕಡಲೆಕಾಯಿ ಚಿಕ್ಕಿ.

ಎಲ್ಲರೂ ಓಡಿದ್ದು ಕಂಡು ಅಪ್ಪನೂ ದಡಬಡ ಎದ್ದಿದ್ದರು. ಅವರು ಕೂತದ್ದು ಆಗಷ್ಟೇ ಬಣ್ಣ ಅದ್ದಿಟ್ಟ ಕಂತೆಯ ಮೇಲೆ. ಬಿಳಿ ಪಂಚೆಯ ಹಿಂಭಾಗದಲ್ಲಿ ಅಚ್ಚುಕಟ್ಟಾದ ಕೆಂಪು ಸೂರ್ಯೋದಯ.

"ಕಾರಲ್ಲಿ ಪ್ಯಾಂಟಿದೆ ಮಾವ," ಅಂದಳು ಸೊಸೆ. ಅಪ್ಪ ಒಪ್ಪಂದದ ಷರತ್ತು ಜ್ಞಾಪಿಸಿದರು. ಪ್ಯಾಂಟು ವಿಮಾನಕ್ಕೆ ಮಾತ್ರ.

ಅಲ್ಲಿಂದ ಡುವಾಂಗ್ ಲಾಮ್. ಹನೋಯ್‌ಗೆ ಪಶ್ಚಿಮಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು, 2005ರಲ್ಲಿ ರಾಷ್ಟ್ರೀಯ ಸ್ಮಾರಕವಾದ ಹಳ್ಳಿ. ಇಬ್ಬರು ರಾಜರ ಊರು ಅಂತ ಹೆಸರು. ಒಬ್ಬ ಫುಂಗ್ ಹುಂಗ್, ಎಂಟನೆಯ ಶತಮಾನದಲ್ಲಿ ಚೀನಾದ ಟಾಂಗ್ ಆಳ್ವಿಕೆಯ ವಿರುದ್ಧ ಎದ್ದವನು. ಹುಲಿ ಕೊಂದಿದ್ದನೆಂಬ ಕತೆಯೂ ಇದೆ. "ನಮ್ಮ ಸಳನ ಹಂಗೆ," ಅಂತ ಅಪ್ಪ ತಲೆಯಾಡಿಸಿದರು. ಇನ್ನೊಬ್ಬ 938ರಲ್ಲಿ ಬಾಕ್ ಡಾಂಗ್ ನದಿಯ ತಳಕ್ಕೆ ಚೂಪು ಗೂಟಗಳನ್ನು ಹುಗಿಸಿ, ಇಳಿತದ ಹೊತ್ತಿಗೆ ಚೀನೀ ಹಡಗುಗಳನ್ನು ಅದಕ್ಕೆ ಚುಚ್ಚಿಸಿದ ಙೋ ಕ್ವೆನ್. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಕಲಿತ ಮೇಲೆ ‘ಙ’ ನನ್ನ ಜೀವನದಲ್ಲಿ ಕೆಲಸಕ್ಕೆ ಬಂದದ್ದು ಅದೇ ಮೊದಲು.

ತಲೆಗೆ 20 ಸಾವಿರ ಡಾಂಗ್ ಟಿಕೆಟ್ಟು ಕೊಟ್ಟು, ಆಲದ ಮರದ ಪಕ್ಕದ ಹಳೆಯ ಹೆಬ್ಬಾಗಿಲು ದಾಟಿದೆವು. ಓಣಿಯ ಎರಡೂ ಕಡೆ ಕೆಂಪು ಗೋಡೆ. ಪ್ರವಾಸಿಗರೆಲ್ಲ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಗೋಡೆಯನ್ನು ಬೆರಳಲ್ಲಿ ಕೆರೆದು ನೋಡಿದರು.

"ತಮಾ, ಇದು ಚಿರೆಕಲ್ಲು."

ಹೌದು, ನಮ್ಮದೇ ಚಿರೆಕಲ್ಲು. ತೂತುತೂತಿನ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ನಮ್ಮ ಪಶ್ಚಿಮ ಕರಾವಳಿಯಲ್ಲೇ. ಕೇರಳದ ಅಂಗಡಿಪುರದಲ್ಲಿ ಕಂಡ ಕಲ್ಲಿಗೆ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1807ರಲ್ಲಿ ಲ್ಯಾಟಿನ್ನಿನ ಇಟ್ಟಿಗೆಯ ಪದ ಹಿಡಿದು ನಾಮಕರಣ ಮಾಡಿದ. ನಾನು ಇಷ್ಟನ್ನೂ ವಿವರಿಸುತ್ತಿದ್ದರೆ ಅಪ್ಪ ಗೈಡಿನ ಕಡೆ ತಿರುಗಿ ಇಲ್ಲಿ ಏನನ್ನುತ್ತೀರಿ ಅಂತ ಸನ್ನೆ ಮಾಡಿದರು. "ಡಾ ಒಂಗ್," ಅಂದ. ಡಾ ಅಂದರೆ ಕಲ್ಲು. ಬೆಳಗಿನಿಂದ ಓಂಗ್ ಅನ್ನಿಸಿಕೊಂಡಿದ್ದ ಅಪ್ಪನಿಗೆ ಅರ್ಥ ಥಟ್ಟನೆ ಹೊಳೆಯಿತು.

"ಅಜ್ಜನ ಕಲ್ಲಾ?"

ಜೇನ್ನೊಣದ ಕಲ್ಲು ಅಂತ. ಅಜ್ಜನಿಗೂ ಜೇನಿಗೂ ಒಂದು ಸ್ವರದ ಅಂತರ. "ಇದ್ನ ನೋಡಲೆ ಟಿಕೆಟ್ ಬೇರೆ," ಅಂದುಕೊಳ್ಳುತ್ತ ಅಪ್ಪ ಮುಂದೆ ನಡೆದರು. "ನಮ್ಮನೆ ಕೊಟ್ಟಿಗೆ ಗೋಡೆ ಇದಕ್ಕಿಂತ ಉದ್ದ ಇದ್ದು."

ಊಟ ಒಂದು ಹಳೆಯ ಮನೆಯಲ್ಲಿ. ಗೈಡು ಯಾರದೋ ಫೋನು ಬಂತೆಂದು ಹೊರಗುಳಿದ. ಮನೆಯಾಕೆ ಬಂದು ಏನೋ ಕೇಳಿದಳು. ಬೆಂಕಿ ಹಚ್ಚಿದ ಅಪಖ್ಯಾತಿಯಿಂದ ಹೆಂಡತಿ ಬಾಯಿ ಹೊಲಿದುಕೊಂಡಿದ್ದಳು. ಈಗ ಮನೆತನದ ಮಾನ ನನ್ನ ಕೈಯಲ್ಲಿ. ದನಿ ಏರಬಾರದು ತಾನೆ? ಗಂಟಲನ್ನು ಆದಷ್ಟು ಕೆಳಗಿಳಿಸಿ, ಪುರೋಹಿತರು ಸ್ವಾಹಾ ಹೇಳುವ ಗಾಂಭೀರ್ಯದಲ್ಲಿ, ಕೊನೆಗೆ ಒತ್ತು ಕೊಟ್ಟು ಹೇಳಿದೆ: "ಅನ್ ಚೈ."

ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಮುಖ ಅರಳಿತು. ಎರಡು ಕೈಗಳನ್ನು ಓಡುವವರ ಹಾಗೆ ಆಡಿಸಿ ತೋರಿಸಿದಳು. ನಾನೂ ಅರಳಿ ಹಾಗೆಯೇ ಆಡಿಸಿದೆ. ಭಾಷೆ ಕಲಿತರೆ ಎಷ್ಟು ಅನುಕೂಲ ನೋಡು ಎಂಬಂತೆ ಹೆಂಡತಿಯ ಕಡೆ ನೋಡಿದೆ.

ಬಂದದ್ದು ಇಡೀ ಕೋಳಿ. ಹಳದಿ ಬಣ್ಣದ್ದು, ತುಂಡು ತುಂಡು ಮಾಡಿದ್ದು, ತಲೆ ಸಮೇತ.

ದನಿ ಇಳಿಸಿ ಒತ್ತಿದ ‘ಚೈ’ ಎಂದರೆ ಓಡು. ಬಯಲಲ್ಲಿ ಓಡಾಡಿಕೊಂಡು ಬೆಳೆದ ನಾಟಿ ಕೋಳಿಗೆ ಅವರು ಓಡುವ ಕೋಳಿ ಅಂತಲೇ ಅನ್ನುತ್ತಾರೆ. ಅದರಲ್ಲೂ ಈ ಊರಿನ ಸುತ್ತಮುತ್ತಲ ಸೀಮೆಯೇ ಕೋಳಿಗೆ ಹೆಸರುವಾಸಿ. ವಿಷಯ ಗೊತ್ತಿರುವ ಗಿರಾಕಿ ಬಂದಿದ್ದಾನೆಂದು ಆಕೆ ಖುಷಿಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಓಡಿ ಬಂದ ಗೈಡು ಮೇಜಿನ ಮೇಲಿದ್ದದ್ದನ್ನು, ಅದರಾಚೆ ಕಣ್ಣು ಮುಚ್ಚಿ ಕೂತಿದ್ದ ಅಪ್ಪನನ್ನು ನೋಡಿ ತಲೆ ಚಚ್ಚಿಕೊಂಡ. ಕೋಳಿ ಡ್ರೈವರನ ಪಾಲಾಯಿತು. ನಮಗೆ ಅನ್ನ, ಬೇಯಿಸಿದ ಸೊಪ್ಪು, ತೋಫು, ಹುರಿದ ಕಡಲೆಬೀಜ. ಅಪ್ಪ ಚೀಲದಿಂದ ಅಪ್ಪೆಮಿಡಿಯ ಬಾಟ್ಲಿ ತೆಗೆದರು. ಗೈಡು ಒಂದು ಮಿಡಿ ಪೂರ್ತಿ ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿ, ಅಪ್ಪನಿಗೆ ಕೈ ಮುಗಿದ. ಚೈ, ಚೈ, ಅಂದ. ಯಾವ ರಾಗದಲ್ಲಿ ಅಂದನೋ ತಿಳಿಯಲಿಲ್ಲ, ಬಹುಶಃ ಬೆಂಕಿಯದ್ದೇ.

ಅಂಗಳದಲ್ಲಿ ಸಾಲಾಗಿ ಭರಣಿಗಳಿದ್ದವು. ಅವರೂ ಮಿಡಿ ಹಾಕುತ್ತಾರೆಂದು ಅಪ್ಪ ಒಂದರ ಮುಚ್ಚಳ ಎತ್ತಿ ಮೂಗು ಇಳಿಸಿದರು. ಸೋಯಾ ಅವರೆ ಕೊಳೆಸಿ ಮಾಡುವ ‘ತುವಾಂಗ್’ ಅದು. ಮುಚ್ಚಳ ಬೇಗ ಮುಚ್ಚಿತು.

ಆಮೇಲೆ ಅಪ್ಪ ಕಾಣೆಯಾದರು. ಹುಡುಕಿಕೊಂಡು ಹೋದರೆ ಮೂರು ಮನೆ ಆಚೆ, ಅಡಿಕೆ ಮರದ ಕೆಳಗೆ, ಒಂದು ಮುದುಕಿಯ ಎದುರಿಗೆ ಕೂತಿದ್ದಾರೆ. ಅಜ್ಜಿಯ ಹಲ್ಲು ಹೊಳೆಯುವ ಕಪ್ಪು. ಹಿಂದಿನ ಕಾಲದ ಹೆಂಗಸರು ಚೆಂದಕ್ಕೆಂದು ಹಲ್ಲಿಗೆ ಕಪ್ಪು ಹಾಕಿಸಿಕೊಳ್ಳುತ್ತಿದ್ದರಂತೆ. ನಡುವೆ ಕವಳದ ಸಾಮಾನು: ವೀಳ್ಯದೆಲೆ, ಸುಣ್ಣದ ಡಬ್ಬಿ, ಹೋಳು ಮಾಡಿದ ಹಸಿ ಅಡಿಕೆ. ಅಜ್ಜಿ ಅವರ ಭಾಷೆಯಲ್ಲಿ, ಅಪ್ಪ ಹವ್ಯಕ ಭಾಷೆಯಲ್ಲಿ. ಯಾರಿಗೂ ಯಾರ ರಾಗವೂ ಅಡ್ಡ ಬರುತ್ತಿರಲಿಲ್ಲ.

"ಇವಕ್ಕೆ ಅಡಿಕೆಗೆ ‘ಕವ್’ ಹೇಳ್ತ," ಅಪ್ಪ ಕೆಂಪು ಬಾಯಲ್ಲಿ ವರದಿ ಕೊಟ್ಟರು. "ಕವಳದ ‘ಳ’ ಬಿಟ್ಟಿದ್ದ, ಅಷ್ಟೇಯ."

ಗೈಡು ಕೂತು ಕತೆ ಹೇಳಿದ, ನಾನು ಕನ್ನಡ ಮಾಡಿದೆ. ಇಬ್ಬರು ಅಣ್ಣ ತಮ್ಮಂದಿರು. ಅಣ್ಣನಿಗೆ ಮದುವೆಯಾದ ಮೇಲೆ ಬೇಸರಪಟ್ಟು ಮನೆ ಬಿಟ್ಟ ತಮ್ಮ ಸತ್ತು ಸುಣ್ಣದ ಕಲ್ಲಾದ. ಹುಡುಕಿ ಹೊರಟ ಅಣ್ಣ ಅದೇ ಕಲ್ಲಿನ ಪಕ್ಕ ಸತ್ತು ಅಡಿಕೆ ಮರವಾದ. ಅವನನ್ನು ಅರಸಿ ಬಂದ ಹೆಂಡತಿ ಆ ಮರಕ್ಕೆ ಹಬ್ಬಿದ ಎಲೆಬಳ್ಳಿಯಾದಳು. ಅದಕ್ಕೇ ಈಗಲೂ ಎಲೆ ಅಡಿಕೆ ಇಲ್ಲದೆ ಅಲ್ಲಿ ಮದುವೆಯ ಮಾತುಕತೆ ಇಲ್ಲ.

ಅಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿ, ಕವಳ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು.

"ಹಂಗಾರೆ ತಂಬಾಕು ಯಾರು?"

ಗೈಡು ಅದನ್ನು ಅಜ್ಜಿಗೆ ಹೇಳಿದ. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಹೊರಡಲೆಂದು ಅಪ್ಪ ಎದ್ದು ತಿರುಗಿದಾಗ ಅವಳ ಕಣ್ಣಿಗೆ ಪಂಚೆಯ ಹಿಂದಿನ ಸೂರ್ಯ ಬಿದ್ದ. ಅವಳು ಆ ಕೆಂಪನ್ನೊಮ್ಮೆ, ಕವಳ ಉಗಿಯುವ ತನ್ನ ಡಬ್ಬಿಯನ್ನೊಮ್ಮೆ ನೋಡಿ ಏನೋ ಅಂದಳು. ಗೈಡು ಅನುವಾದ ಮಾಡಲು ಒಪ್ಪಲಿಲ್ಲ.

ಊರಿಗೆ ಬಂದು ತಿಂಗಳಾದ ಮೇಲೆ ಕೊಯ್ಲಿಗೆಂದು ರಜೆ ಹಾಕಿ ಹೋಗಿದ್ದೆ. ದಿನವಿಡೀ ಅಡಿಕೆ ಹೊತ್ತು ಸಾಕಾಗಿ ಸಂಜೆ ಕೊಟ್ಟಿಗೆಯ ಗೋಡೆಗೆ ಒರಗಿ ಮೊಬೈಲು ನೋಡುತ್ತ ನಿಂತಿದ್ದೆ. ಅಪ್ಪ ಹಿಂಡಿ ಬಕೀಟು ಹಿಡಿದು ಆ ಕಡೆಯಿಂದ ಬಂದರು. ಉಟ್ಟಿದ್ದು ಅದೇ ಪಂಚೆ. ಎಷ್ಟು ಒಗೆದರೂ ಸೂರ್ಯ ಪೂರ್ತಿ ಮುಳುಗಿಲ್ಲ, ಗುಲಾಬಿ ಬಣ್ಣಕ್ಕೆ ಬಂದು ನಿಂತಿದ್ದಾನೆ.

"ತಮಾ," ಅಂದರು, ಗೋಡೆ ತೋರಿಸಿ. "ಟಿಕೆಟ್ ತೆಗೆಸಿದ್ಯಾ?"