ನಾಲ್ಕು ಗಂಟೆಯ ನೆಂಟರು

ನಮ್ಮ ಎದುರು ಮನೆಯ ಅಜ್ಜಿ ಬಟ್ಟೆ ಒಣಹಾಕುವ ಮುಂಚೆ ಒಂದು ಒದ್ದೆ ಬಟ್ಟೆಯಲ್ಲಿ ಹಗ್ಗವನ್ನು ಈ ತುದಿಯಿಂದ ಆ ತುದಿವರೆಗೆ ಒರೆಸುತ್ತಾರೆ. ಒರೆಸಿ ಆದ ಮೇಲೆ ಆ ಬಟ್ಟೆಯನ್ನು ಬಾಲ್ಕನಿಯಿಂದಲೇ ನನಗೆ ತೋರಿಸುತ್ತಾರೆ. ಮಧ್ಯದಲ್ಲಿ ಒಂದು ಕಪ್ಪು ಗೆರೆ. ನಿನ್ನೆ ತಾನೇ ಒರೆಸಿದ ಹಗ್ಗ ಅದು. "ಹಡಗು" ಅನ್ನುತ್ತಾರೆ, ಅಷ್ಟೇ. ರಸ್ತೆಯ ಮಸಿಯೂ ಅದರಲ್ಲಿ ಇರಬಹುದು. ಆದರೆ ಹಡಗು ಬಂದು ನಿಲ್ಲುವ ಧಕ್ಕೆ ನಮ್ಮ ಮನೆಯಿಂದ ಜಾಸ್ತಿ ದೂರವೇನಿಲ್ಲ.

ನಾನಿರುವುದು ಬಾರ್ಸಿಲೋನಾದ ಬಾರ್ಸೆಲೊನೆತಾದಲ್ಲಿ. ಬಂದು ಆರು ವರ್ಷವಾಯಿತು. ಒಂದು ಕಡೆ ಬಂದರು, ಇನ್ನೊಂದು ಕಡೆ ಬೀಚು, ನಡುವೆ ತ್ರಿಕೋನದ ಹಾಗೆ ಒಂದು ಹಳೇ ಕೇರಿ. ಮೀನು ಹಿಡಿಯುವವರ, ಬಂದರಿನಲ್ಲಿ ದುಡಿಯುವವರ ಕೇರಿ. 1714ರಲ್ಲಿ ಊರು ಸ್ಪೇನಿನ ರಾಜನ ಸೈನ್ಯಕ್ಕೆ ಸೋತ ಮೇಲೆ, ಕೋಟೆ ಕಟ್ಟಲು ರಿಬೇರಾ ಎಂಬ ಬಡಾವಣೆಯ ಮನೆಗಳನ್ನು ಸಾಲುಸಾಲಾಗಿ ಕೆಡವಿದರು. ಈ ಕೇರಿಯನ್ನು ಕಟ್ಟಲು ಶುರು ಮಾಡಿದ್ದು 1753ರಲ್ಲಿ. ಆಗ ಕಟ್ಟಿದ ಮನೆಗಳನ್ನು ಆಮೇಲೆ ಎರಡು ಮಾಡಿದರು, ಮತ್ತೆ ನಾಲ್ಕು ಮಾಡಿದರು. ಕಾಲು ಮನೆ ಅಂತಲೇ ಇಲ್ಲಿ ಅದಕ್ಕೆ ಹೆಸರು. ಒಂದು ಸಂಸಾರಕ್ಕೆ ಸುಮಾರು 350 ಚದರ ಅಡಿ. ನನ್ನದೂ ಅಂಥದ್ದೇ ಮನೆ. ಕುಕ್ಕರ್ ಕೂಗಿದರೆ ಅಜ್ಜಿಗೆ ಕೇಳುತ್ತದೆ.

ಮನೆ ಅಷ್ಟು ಚಿಕ್ಕದಾದ್ದರಿಂದಲೇ ಇಲ್ಲಿಯವರು ಸಂಜೆ ಕುರ್ಚಿ ತಂದು ಬಾಗಿಲ ಮುಂದೆ ಕೂರುತ್ತಾರೆ. ಬೀದಿಯೇ ಜಗಲಿ. ಬೀಚು ಹಿತ್ತಲು ಇದ್ದ ಹಾಗೆ. ಹೊರಗಿನವರಿಗೆ ಈ ವಿಷಯ ಬೇಗ ಅರ್ಥವಾಗುವುದಿಲ್ಲ.

ಈಗ ನೋಡುವವರಿಗೆ ಬಾರ್ಸಿಲೋನಾ ಅಂದರೆ ಬೀಚು. ಆದರೆ 1980ರ ಹೊತ್ತಿಗೂ ಈ ಊರು ಸಮುದ್ರಕ್ಕೆ ಬೆನ್ನು ಹಾಕಿಯೇ ಕೂತಿತ್ತು. 1848ರಲ್ಲಿ ಮತಾರೋ ಊರಿಗೆ ಹಾಕಿದ ರೈಲು, ಇಡೀ ಸ್ಪೇನ್ ನೆಲದ ಮೊದಲ ರೈಲು, ಕಡಲಿನ ಅಂಚಿಗೇ ಹೋಗುತ್ತಿತ್ತು. ಹಳಿ ದಾಟಿದರೆ ಕಾರ್ಖಾನೆ, ಗೋಡೌನು, ಕೊಳಕು ನೀರಿನ ಮೋರಿ. ಸೊಮೊರೊಸ್ತ್ರೊ ಅನ್ನುವ ಕಡೆ ಮರಳಿನ ಮೇಲೆಯೇ ಗುಡಿಸಲುಗಳು. ಫ್ಲಮೆಂಕೊ ನರ್ತಕಿ ಕಾರ್ಮೆನ್ ಅಮಾಯಾ ಹುಟ್ಟಿದ್ದು ಅಂಥದ್ದೇ ಒಂದು ಗುಡಿಸಲಲ್ಲಿ. ಆ ಗುಡಿಸಲುಗಳನ್ನು 1966ರಲ್ಲಿ ಎಬ್ಬಿಸಿದರು. ಆಮೇಲೆ 1992ರ ಒಲಿಂಪಿಕ್ಸ್ ನೆಪ ಸಿಕ್ಕಿತು. ಕಡಲಂಚಿನ ಹಳಿ ಕಿತ್ತರು, ಕಾರ್ಖಾನೆ ತೆಗೆದರು, ದೊಡ್ಡ ರಸ್ತೆಯನ್ನು ಕೆಲವು ಕಡೆ ನೆಲದ ಕೆಳಗೆ ಇಳಿಸಿದರು, ಮರಳು ತಂದು ಸುರಿದು ನಾಲ್ಕು ಕಿಲೋಮೀಟರಿಗೂ ಜಾಸ್ತಿ ಬೀಚು ಮಾಡಿದರು. ಹಳೇ ಬಂದರಿನ ಗೋಡೌನುಗಳು ಹೋಗಿ ಜನ ನಡೆದಾಡುವ ಜಾಗ ಬಂತು. ನನಗೆ ಇದರ ಬಗ್ಗೆ ನಿಜವಾಗಿ ಗೌರವ ಇದೆ. ಸರ್ಕಾರದ ದುಡ್ಡು, ನಗರಪಾಲಿಕೆಯ ದುಡ್ಡು ಹಾಕಿ ಊರಿನ ಜನಕ್ಕೆ ಸಮುದ್ರ ವಾಪಸ್ ಕೊಟ್ಟ ಕೆಲಸ ಅದು. ಅಜ್ಜಿ ಹೇಳುತ್ತಾರೆ, ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಮೊದಲ ಸಲ ಕಾಲಿಗೆ ಗಾಜು ಚುಚ್ಚೀತು ಅನ್ನುವ ಹೆದರಿಕೆ ಇಲ್ಲದೆ ನೀರಿಗೆ ಇಳಿದರಂತೆ.

ಅದೇ ಹೊತ್ತಿಗೆ ಹಡಗುಗಳೂ ಬಂದವು. 1990ರಲ್ಲಿ ಕ್ರೂಸ್, ಅಂದರೆ ಪ್ರವಾಸಿಗರನ್ನು ಊರೂರು ಸುತ್ತಿಸುವ ಹಡಗಿನಲ್ಲಿ ಇಲ್ಲಿಗೆ ಬಂದವರು ಸುಮಾರು ಒಂದು ಲಕ್ಷ ಜನ. 2018ಕ್ಕೆ 30 ಲಕ್ಷ. 2024ರಲ್ಲಿ 36 ಲಕ್ಷ ದಾಟಿತು. ಊರಿನ ಜನಸಂಖ್ಯೆಯೇ 17 ಲಕ್ಷ! ದೊಡ್ಡ ಹಡಗು ಒಂದರಲ್ಲೇ ಆರು ಸಾವಿರ ಪ್ರಯಾಣಿಕರು ಇರುತ್ತಾರೆ. ಬೇಸಿಗೆಯಲ್ಲಿ ಕೆಲವು ದಿನ ಅಂಥ ಹಡಗು ಸಾಲಾಗಿ ನಿಂತಿರುತ್ತವೆ. ಬೆಳಿಗ್ಗೆ ಏಳೂವರೆಗೆ ನೋಡಿದರೆ ಸಮುದ್ರದ ಕಡೆ ಹೊಸದಾಗಿ ಒಂದು ಅಪಾರ್ಟ್‌ಮೆಂಟ್ ಸಾಲು ಎದ್ದ ಹಾಗೆ ಕಾಣುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಕ್ರೂಸ್ ಅಂದರೆ ಎಲ್ಲವೂ ಒಂದೇ ಅಲ್ಲ. ಅರ್ಧಕ್ಕಿಂತ ಹೆಚ್ಚು ಜನ ಇಲ್ಲಿಂದಲೇ ಹಡಗು ಹತ್ತುವವರು, ಇಲ್ಲೇ ಇಳಿಯುವವರು. ಅವರು ವಿಮಾನದಲ್ಲಿ ಬರುತ್ತಾರೆ, ಒಂದೆರಡು ರಾತ್ರಿ ಉಳಿಯುತ್ತಾರೆ, ಹೊರಗೆ ಊಟ ಮಾಡುತ್ತಾರೆ. ಹಡಗಿಗೆ ವಾರಕ್ಕಾಗುವ ತರಕಾರಿ, ಹಾಲು, ಮೀನು ಇಲ್ಲಿಂದ ಹೋಗುತ್ತದೆ. ಲಾರಿಯವರಿಗೆ, ಧಕ್ಕೆಯ ಕೆಲಸದವರಿಗೆ ಅದು ಅನ್ನ. ಉಳಿದವರು ಬೆಳಿಗ್ಗೆ ಇಳಿದು ಸಂಜೆ ಹತ್ತುವವರು. ಬಸ್ಸಿನಲ್ಲಿ ಕೊಲಂಬಸ್ ಕಂಬದ ಹತ್ತಿರ ಇಳಿಯುತ್ತಾರೆ, ರಾಂಬ್ಲಾ ಬೀದಿಯಲ್ಲಿ ಒಂದು ಸುತ್ತು, ಬೊಕೆರಿಯಾ ಮಾರುಕಟ್ಟೆಯಲ್ಲಿ ನಾಲ್ಕು ಫೋಟೋ, ಸಗ್ರಾದಾ ಫಮೀಲಿಯಾ ಚರ್ಚಿನ ಮುಂದೆ ಎರಡು. ಊಟ ಹಡಗಿನಲ್ಲೇ, ಅದಕ್ಕೆ ಮೊದಲೇ ದುಡ್ಡು ಕೊಟ್ಟಾಗಿದೆ. ಊರಲ್ಲಿ ಇರುವುದು ನಾಲ್ಕು ಗಂಟೆ ಹೊತ್ತು, ನಾಲ್ಕು ಗಂಟೆಯ ನೆಂಟರು. ಅವರ ತಪ್ಪಲ್ಲ ಅದು. ಟಿಕೆಟ್ಟೇ ಹಾಗಿರುತ್ತದೆ.

ಕೊಲಂಬಸ್ ಕಂಬದ ಬುಡದಲ್ಲಿ ಸಿಂಹಗಳಿವೆ. ಕಳೆದ ಜೂನಿನಲ್ಲಿ ಅಲ್ಲಿ ಮೆಟ್ಟಿಲ ಮೇಲೆ ಕೂತು ಒಬ್ಬ ಹುಡುಗ ಫೋನಿನಲ್ಲಿ ಅಮ್ಮನ ಹತ್ತಿರ ತುಳುವಿನಲ್ಲಿ ಊಟ ಆಯ್ತಾ ಅಂತ ಕೇಳುತ್ತಿದ್ದ. ನನ್ನ ಕಾಲು ಅಲ್ಲೇ ನಿಂತಿತು. ನಾನು ಕಾಪು ಕಡೆಯವಳು ಅಂದೆ. "ಅಯ್ಯೋ ಅಕ್ಕ, ನಾನು ಮೂಡುಬಿದಿರೆ ಮಾರಾಯ್ರೆ" ಅಂತ ಎದ್ದು ನಿಂತ. ಹಡಗಿನ ಅಡುಗೆಮನೆಯಲ್ಲಿ ಕೆಲಸ. ಒಂಬತ್ತು ತಿಂಗಳ ಕಾಂಟ್ರಾಕ್ಟು. ಮೂರು ಗಂಟೆ ಬಿಡುವು ಸಿಕ್ಕಿದೆ, ಅದರಲ್ಲಿ ಮನೆಗೆ ಮಾತಾಡಬೇಕು, ಶ್ಯಾಂಪೂ ತಗೋಬೇಕು, ವಾಪಸ್ ಹೋಗಬೇಕು. ಬಾರ್ಸಿಲೋನಾದಲ್ಲಿ ಏನು ನೋಡಿದೆ ಅಂತ ಕೇಳಿದೆ. "ನಮಗೆ ಬಾರ್ಸಿಲೋನಾ ಅಂದ್ರೆ ಲೋಡಿಂಗ್ ದಿನ ಅಕ್ಕ. ಈರುಳ್ಳಿ ಮೂಟೆ ನೋಡಿದ್ದೇ ಜಾಸ್ತಿ" ಅಂದ. ಬಲಗೈ ಹೆಬ್ಬೆರಳಿನ ಬದಿ ಚಾಕು ಹಿಡಿದು ಹಿಡಿದು ಗಟ್ಟಿಯಾಗಿತ್ತು. ಆಮೇಲೆ ಅವನೇ ಹೇಳಿದ, ಮಂಗಳೂರಿಗೆ ಕ್ರೂಸ್ ಹಡಗು ಬಂದಾಗ ಅದರ ಜನ ಬಸ್ಸಿನಲ್ಲಿ ಮೂಡುಬಿದಿರೆಗೆ ಸಾವಿರ ಕಂಬದ ಬಸದಿ ನೋಡಲು ಬರುತ್ತಾರೆ, ಚಿಕ್ಕವನಿದ್ದಾಗ ಅವರ ಹಿಂದೆ ಓಡುತ್ತಿದ್ದೆ ಅಂತ. ಅವನ ಸಂಬಳದಿಂದ ತಂಗಿಯ ಕಾಲೇಜು ಫೀಸು ಹೋಗುತ್ತಿದೆ. ಹಾಗಾಗಿ ಹಡಗೇ ಬೇಡ ಅಂತ ಕೂಗುವವರ ಜೊತೆ ನಾನು ಕೂಗಲಾರೆ.

ಆದರೆ ಲೆಕ್ಕ ಸರಿಯಾಗಿ ಹಾಕಿ ಅಂತ ಕೂಗುತ್ತೇನೆ. 2018ರಲ್ಲಿ ನಗರಪಾಲಿಕೆಯೂ ಬಂದರಿನವರೂ ಏಳಕ್ಕಿಂತ ಜಾಸ್ತಿ ಟರ್ಮಿನಲ್ (ಕ್ರೂಸ್ ಪ್ರಯಾಣಿಕರು ಹತ್ತಿ ಇಳಿಯುವ ನಿಲ್ದಾಣ) ಬೇಡ ಅಂತ ಒಪ್ಪಂದ ಮಾಡಿಕೊಂಡರು. ಜನಕ್ಕೆ ಸಮಾಧಾನ ಆಯಿತು. ಏನಾಯಿತು ಆಮೇಲೆ? ಕೋವಿಡ್ ಕಳೆದ ಮೇಲೆ ಪ್ರಯಾಣಿಕರು ಆಗಿನದಕ್ಕಿಂತ ಐದಾರು ಲಕ್ಷ ಜಾಸ್ತಿಯೇ ಆದರು. ಈಗ 2025ರ ಜುಲೈನಲ್ಲಿ ಮೇಯರ್ ಜಾವುಮೆ ಕೊಯ್ಬೋನಿ ಮತ್ತು ಬಂದರಿನವರು ಹೊಸ ಒಪ್ಪಂದ ಮಾಡಿದ್ದಾರೆ. 2030ರ ಹೊತ್ತಿಗೆ ಏಳು ಟರ್ಮಿನಲ್ ಐದಾಗುತ್ತದೆ. ಮೂರು ಹಳೆಯದನ್ನು ಕೆಡವಿ ಒಂದು ಹೊಸದು ಕಟ್ಟುತ್ತಾರೆ. ಒಂದೇ ಹೊತ್ತಿಗೆ 37,000 ಜನರನ್ನು ನಿಭಾಯಿಸುವ ಜಾಗ 31,000ಕ್ಕೆ ಇಳಿಯುತ್ತದೆ. ಒಳ್ಳೆಯ ಹೆಜ್ಜೆಯೇ. ಇಷ್ಟಾದರೂ ಮಾಡಿದರಲ್ಲ ಅಂತ ಮೆಚ್ಚುತ್ತೇನೆ. ಆದರೆ ಅದು ಒಂದು ಹೊತ್ತಿನ ಲೆಕ್ಕ. ಕೊಡ ಚಿಕ್ಕದಾದರೂ ವಾರಕ್ಕೆ ಮೂರು ದಿನ ತುಂಬುತ್ತಿದ್ದದ್ದು ಏಳು ದಿನವೂ ತುಂಬಿದರೆ ನೀರು ಜಾಸ್ತಿಯೇ ಆಗುತ್ತದೆ ಅಲ್ವಾ? ಚಳಿಗಾಲದಲ್ಲೂ ಹಡಗು ತುಂಬಿಸಿದರೆ ವರ್ಷಕ್ಕೆ 40 ಲಕ್ಷ ಆಗದೆ ಇರುತ್ತದೆಯೇ? ವರ್ಷಕ್ಕೆ ಇಷ್ಟು ಜನ, ಅದರಲ್ಲೂ ಬೆಳಿಗ್ಗೆ ಬಂದು ಸಂಜೆ ಹೋಗುವ ಹಡಗು ದಿನಕ್ಕೆ ಇಷ್ಟೇ ಅಂತ ಬರೆದುಕೊಡಬೇಕು. ಇದೇ ಸ್ಪೇನಿನ ಪಾಲ್ಮಾದಲ್ಲಿ 2022ರಿಂದ ದಿನಕ್ಕೆ ಮೂರು ಕ್ರೂಸ್ ಹಡಗು, ಅದರಲ್ಲಿ ತೀರಾ ದೊಡ್ಡದು ಒಂದೇ ಅಂತ ಮಿತಿ ಇದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಹೊಗೆಯ ವಿಷಯ ಬೇರೆ. ಹಡಗು ಧಕ್ಕೆಯಲ್ಲಿ ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಎಸಿ, ಲೈಟು, ಅಡುಗೆಮನೆ, ಎಲ್ಲ ಅದರಿಂದಲೇ. ದಡದಿಂದ ಕರೆಂಟು ಕೊಟ್ಟರೆ ಎಂಜಿನ್ ಬಂದ್ ಮಾಡಬಹುದು. 2030ರಿಂದ ಯುರೋಪಿನ ದೊಡ್ಡ ಬಂದರುಗಳಲ್ಲಿ ಕ್ರೂಸ್ ಹಡಗುಗಳು ಈ ಕರೆಂಟನ್ನೇ ಬಳಸಬೇಕು ಅಂತ ಕಾನೂನಾಗಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಎಣ್ಣೆಯಲ್ಲಿ ಗಂಧಕ 0.5 ಪರ್ಸೆಂಟಿನಿಂದ 0.1ಕ್ಕೆ ಇಳಿಯಬೇಕು ಅನ್ನುವ ನಿಯಮ 2025ರ ಮೇ 1ಕ್ಕೆ ಜಾರಿಗೆ ಬಂತು. ಇದನ್ನು ಅಜ್ಜಿಗೆ ಹೇಳಿದಾಗ ತುಂಬ ಗಮನ ಕೊಟ್ಟು ಕೇಳಿದರು.

ಅಜ್ಜಿಯ ಮೇಲಿನ ಮನೆಯಲ್ಲಿ ಈಗ ಯಾರೂ ಕಾಯಂ ಇಲ್ಲ. ಮೂರು ದಿನಕ್ಕೊಮ್ಮೆ ಚಕ್ರದ ಪೆಟ್ಟಿಗೆ ಮೆಟ್ಟಿಲ ಮೇಲೆ ದಡದಡ ಸದ್ದು ಮಾಡುತ್ತದೆ. ಪ್ರವಾಸಿಗರ ಫ್ಲಾಟುಗಳ ಲೈಸೆನ್ಸ್ 2028ರ ನವೆಂಬರಿಗೆ ಮುಗಿಯುತ್ತದೆ, ಮತ್ತೆ ಕೊಡುವುದಿಲ್ಲ ಅಂತ ಪಾಲಿಕೆ ಹೇಳಿದೆ. ಅಲ್ಲಿಯವರೆಗೆ ಅಜ್ಜಿಗೆ 84 ಆಗಿರುತ್ತದೆ. ಅವರ ಮಗಳು ಬಾಡಿಗೆ ಕಟ್ಟಲಾಗದೆ ಆಗಲೇ ಊರ ಹೊರಗೆ ಹೋಗಿದ್ದಾಳೆ, ಭಾನುವಾರ ಮೊಮ್ಮಗನನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತಾಳೆ, ತಾನು ಹುಟ್ಟಿದ ಬೀದಿಯ ಬೀಚಿನಲ್ಲಿ ಟವೆಲ್ ಹಾಸಲು ಜಾಗ ಹುಡುಕುತ್ತಾಳೆ.

ಮುಂದಿನ ವಾರ ಕೇರಿಯ ಸಭೆ ಇದೆ. ನನಗೂ ಎರಡು ನಿಮಿಷ ಮಾತಾಡಲು ಹೇಳಿದ್ದಾರೆ. ಇಲ್ಲಿನ ಕತಲಾನ್ ಭಾಷೆಯಲ್ಲಿ ಬರೆದುಕೊಂಡು ಓದುತ್ತೇನೆ. ಅಜ್ಜಿ ಮಾತಾಡುವುದಿಲ್ಲವಂತೆ. ಹಗ್ಗ ಒರೆಸಿದ ಬಟ್ಟೆಗಳನ್ನು ಹದಿನೈದು ದಿನದಿಂದ ತೊಳೆಯದೆ ಒಂದು ಚೀಲದಲ್ಲಿ ತೆಗೆದಿಟ್ಟಿದ್ದಾರೆ. ಅದನ್ನು ತಂದು ಮೇಜಿನ ಮೇಲೆ ಇಡುತ್ತಾರಂತೆ.